ಹೊಟ್ಟೆ ಮೂರು ತಿಂಗಳು, ಹಾಲು ಎರಡು ವರ್ಷ

ಮೊಬೈಲಿನಲ್ಲಿ ‘ಮೆಟರ್ನಿಟಿ ಕುರ್ತಿ’ ಅಂತ ಹುಡುಕಿದರೆ ಸಾವಿರ, ಸಾವಿರದ ಐನೂರು ಎಂದು ಬೆಲೆ ತೋರಿಸುತ್ತದೆ. ಅಷ್ಟೇ ಉದ್ದ, ಅಷ್ಟೇ ಘೇರು ಇರುವ ಮಾಮೂಲಿ ಕುರ್ತಿ ನಮ್ಮ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಐನೂರರ ಆಸುಪಾಸಿಗೆ ಸಿಗುತ್ತದೆ. ಹೆಚ್ಚಿನ ದುಡ್ಡಿಗೆ ಏನು ಬಂತು ಅಂತ ಬಟ್ಟೆ ತಿರುಗಿಸಿ ನೋಡಿದರೆ ಎದೆಯ ಹತ್ತಿರ ಎರಡು ಜಿಪ್ಪು, ಹಿಂದಕ್ಕೆ ಕಟ್ಟಿಕೊಳ್ಳಲು ಎರಡು ಪಟ್ಟಿ, ಕತ್ತಿನ ಹಿಂದೆ ಒಂದು ಚೀಟಿ. ಪಟ್ಟಿ ನಮ್ಮ ಮನೆಯಲ್ಲೇ ಹೊಲಿದುಕೊಳ್ಳಬಹುದು. ಚೀಟಿ ಕತ್ತಿಗೆ ಚುಚ್ಚುತ್ತದೆ, ಕತ್ತರಿಸಿ ಹಾಕುತ್ತೇವೆ. ಉಳಿದದ್ದು ಜಿಪ್ಪು. ಅದಕ್ಕೆ ಮಾತ್ರ ನಿಜವಾಗಿಯೂ ಬೆಲೆ ಇದೆ. ಆ ಜಿಪ್ಪಿನ ಬಗ್ಗೆಯೇ ಈ ಬರಹದಲ್ಲಿ ಜಾಸ್ತಿ ಹೇಳುವುದಿದೆ.

ಬಸುರಿಯ ಬಟ್ಟೆಯಲ್ಲಿ ದುಡ್ಡು ಉಳಿಸಬೇಕು ಅನ್ನುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಅಂಗಡಿಗೆ ಆಮೇಲೆ ಹೋದರಾಯಿತು. ಚೊಚ್ಚಲ ಬಸಿರಿನಲ್ಲಿ ಹೊಟ್ಟೆ ಹೊರಗೆ ಗೊತ್ತಾಗುವುದು ಹೆಚ್ಚುಕಡಿಮೆ ಐದನೇ ತಿಂಗಳಿಗೆ. ಅಲ್ಲಿಯವರೆಗೆ ಇರುವ ಬಟ್ಟೆಯೇ ಸಾಕು, ಲಾಡಿ ಸ್ವಲ್ಪ ಸಡಿಲ ಬಿಟ್ಟರೆ ಆಯಿತು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅಂದರೆ ಹೊಟ್ಟೆ ಕಾಣಿಸಿದ ದಿನದಿಂದ ರಜೆ ಹಾಕುವ ದಿನದವರೆಗೆ, ನಾಲ್ಕು ಜನರ ಮಧ್ಯೆ ಓಡಾಡುವುದು ಮೂರು ತಿಂಗಳು, ತಪ್ಪಿದರೆ ಇನ್ನೊಂದಿಷ್ಟು ದಿನ. ಆಮೇಲೆ ಮನೆ, ನೈಟಿ.

ಇನ್ನು ಹಾಲಿನ ಲೆಕ್ಕ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ 2 ವರ್ಷದವರೆಗೆ, ಬೇಕಾದರೆ ಅದರ ಮೇಲೂ ಕುಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಜ್ಜಿಯರು ಯಾವ ಸಂಸ್ಥೆಯನ್ನೂ ಕೇಳದೆ ಅಷ್ಟೇ ಕುಡಿಸುತ್ತಿದ್ದರು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಟ್ಟೆಗೆ ಮೂರು ತಿಂಗಳು, ಹಾಲಿಗೆ ಎರಡು ವರ್ಷ. ಆದರೆ ಅಂಗಡಿಯಲ್ಲಿ ನಿಂತಾಗ ನಾವೆಲ್ಲ ನೋಡುವುದು ಹೊಟ್ಟೆಗೆ ಜಾಗ ಇದೆಯಾ ಅಂತ ಮಾತ್ರ. ಬಟ್ಟೆ ಮುಂದುಗಡೆ ಬಿಚ್ಚುತ್ತದೆಯಾ ಅಂತ ಯಾರೂ ನೋಡುವುದಿಲ್ಲ.

ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿದ್ದು ಮಂಡಿಪೇಟೆ ಕಡೆಯ ಒಬ್ಬ ಟೈಲರ್ ಅಕ್ಕ. ಎರಡು ಟಾಪ್ ಲೂಸ್ ಮಾಡಿಸಲು ಹೋಗಿದ್ದೆ. ಅಕ್ಕ ಟೇಪು ಕೈಗೆ ತೆಗೆದುಕೊಳ್ಳಲೇ ಇಲ್ಲ.

“ಎಷ್ಟು ತಿಂಗಳಮ್ಮ?”

“ನಾಲ್ಕು ತುಂಬ್ತಾ ಬಂತು ಅಕ್ಕ.”

“ಹಂಗಾದ್ರೆ ಹೊಟ್ಟೆ ಚಿಂತೆ ಬಿಡು, ಅದು ಇಳೀತದೆ. ಹಾಲು ಕುಡಿಸೋಕೆ ಏನು ಮಾಡ್ತೀಯ ಹೇಳು. ಅದನ್ನ ಈಗ್ಲೇ ಇಟ್ಟು ಹೊಲಿದ್ರೆ ಒಂದೇ ಕೂಲಿ, ಆಮೇಲೆ ಬಂದ್ರೆ ಎರಡು ಕೂಲಿ.”

ವ್ಯಾಪಾರ ಮಾಡುವವರೇ ಹೀಗೆ ತಮ್ಮ ಒಂದು ಕೂಲಿ ಬಿಟ್ಟುಕೊಟ್ಟು ಹೇಳಿದರೆ ಕೇಳದೇ ಇರಲಾಗುತ್ತದೆಯೇ?

ಅಕ್ಕ ಮಾಡಿದ ಕೆಲಸ ಹೇಳುತ್ತೇನೆ, ನಿಮ್ಮ ಟೈಲರ್ ಹತ್ತಿರ ಹೇಳಿ ಮಾಡಿಸಿಕೊಳ್ಳಲು ಅನುಕೂಲವಾಗುತ್ತದೆ. ಟಾಪಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿದರು. ನಮ್ಮ ಕಡೆ ಟೈಲರುಗಳು ಒಳಗೆ ಒಂದು ಇಂಚು, ಒಂದೂವರೆ ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತಾರೆ. ಎರಡು ಪಕ್ಕ ಸೇರಿದರೆ ಸುತ್ತಳತೆಯಲ್ಲಿ ನಾಲ್ಕರಿಂದ ಆರು ಇಂಚಿನವರೆಗೆ ಸಿಗುತ್ತದೆ, ಯಾಕೆಂದರೆ ಮುಂದಿನ ಭಾಗ, ಹಿಂದಿನ ಭಾಗ ಎರಡರಲ್ಲೂ ಬಟ್ಟೆ ಬಿಟ್ಟಿರುತ್ತಾರೆ. ರೆಡಿಮೇಡ್ ಟಾಪಿನಲ್ಲಿ ಈ ಭಾಗ್ಯ ಇಲ್ಲ, ಅಲ್ಲಿ ಕಾಲಿಂಚು ಬಿಟ್ಟು ಓವರ್‌ಲಾಕ್ ಹೊಡೆದಿರುತ್ತಾರೆ. ಹೊಲಿಸಿದ ಬಟ್ಟೆಯ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲೇ. ರೆಡಿಮೇಡ್ ಆದರೆ ಪಕ್ಕಕ್ಕೆ ಒಂದು ಉದ್ದನೆಯ ತ್ರಿಕೋನದ ತುಂಡು ಕೊಡಬೇಕು. ಆ ಸೆಟ್ಟಿನ ವೇಲ್ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಅದರಲ್ಲೇ ತುಂಡು ಸಿಗುತ್ತದೆ, ಬಣ್ಣ ಹೊಂದಿಕೆಯಾಗುತ್ತದೆ.

ಆಮೇಲೆ ಜಿಪ್ಪು. ಎದೆಯ ಮೇಲೆ ಅಡ್ಡ ಹೊಲಿಗೆ ಇರುವ ಟಾಪ್ ಇದ್ದರೆ ಆ ಹೊಲಿಗೆ ಬಿಚ್ಚಿ ಅದರೊಳಗೇ ಜಿಪ್ ಕೂರಿಸುತ್ತಾರೆ. ಹೊರಗೆ ಏನೂ ಕಾಣುವುದಿಲ್ಲ. ಅಡ್ಡ ಹೊಲಿಗೆ ಇಲ್ಲದಿದ್ದರೆ ಭುಜದಿಂದ ಕೆಳಗೆ ಎರಡು ಕಡೆ ಉದ್ದಕ್ಕೆ ಸೀಳಿ, ಮೇಲೆ ಲೇಸು ಅಥವಾ ಪೈಪಿಂಗ್ ಕೊಟ್ಟು ಮುಚ್ಚುತ್ತಾರೆ. ನೋಡಿದವರು ಡಿಸೈನ್ ಅಂದುಕೊಳ್ಳುತ್ತಾರೆ. ಜಿಪ್ಪಿನ ಹಿಂದೆ ಒಂದು ಪಟ್ಟಿ ಬಟ್ಟೆ ಇರಲೇಬೇಕು, ಇಲ್ಲದಿದ್ದರೆ ಮಗುವಿನ ಕೆನ್ನೆಗೂ ನಮ್ಮ ಚರ್ಮಕ್ಕೂ ಉಜ್ಜುತ್ತದೆ. ಜಿಪ್ ಮೇಲಿನಿಂದ ಕೆಳಗೆ ಬಿಚ್ಚುವಂತೆ ಇರಲಿ, ಒಂದು ಕೈಯಲ್ಲಿ ಮಗು ಇರುತ್ತದೆ, ಇನ್ನೊಂದರಲ್ಲಿ ಎಳೆಯಬೇಕು. ಒಂದು ಟಾಪಿಗೆ ಜಿಪ್ಪು, ಕೂಲಿ ಎಲ್ಲ ಸೇರಿ ನೂರೈವತ್ತರ ಒಳಗೇ ಮುಗಿಯಿತು. ಮನೆಯಲ್ಲೇ ಇದ್ದ ಟಾಪುಗಳಿಗೆ ಇದನ್ನು ಮಾಡಿಸಿದ್ದರಿಂದ ಹೊಸ ಕುರ್ತಿ ಅಂತ ನಾನು ತೆಗೆದುಕೊಂಡದ್ದು ತೀರ ಕಡಿಮೆ.

ನಮ್ಮ ಹಳೆಯ ಉಡುಪುಗಳನ್ನು ಈ ಕಣ್ಣಿನಿಂದ ನೋಡಿದರೆ ಆಶ್ಚರ್ಯ ಆಗುತ್ತದೆ. ರವಿಕೆಗೆ ಹುಕ್ಕು ಮುಂದೆ. ಲಂಗಕ್ಕೆ ಲಾಡಿ, ಚೂಡಿದಾರ್ ಪ್ಯಾಂಟಿಗೆ ಲಾಡಿ. ಸೀರೆಗೆ ಅಳತೆಯೇ ಇಲ್ಲ, ಐದೂವರೆ ಮೀಟರ್ ಬಟ್ಟೆ, ಮದುವೆಯ ದಿನಕ್ಕೂ ಒಂಬತ್ತನೇ ತಿಂಗಳಿಗೂ ಅದೇ. ಸೆರಗು ಮುಚ್ಚಿಕೊಂಡರೆ ಬಸ್ಸಿನಲ್ಲೂ ಹಾಲು ಕುಡಿಸಬಹುದು. ಮೈ ಹಿಗ್ಗುತ್ತದೆ, ಕುಗ್ಗುತ್ತದೆ ಅಂತ ಗೊತ್ತಿದ್ದವರು ಮಾಡಿಕೊಂಡ ಬಟ್ಟೆ ಇದು. ಹಿಂದೆ ಹುಕ್ಕು ಇಟ್ಟು, ಕುತ್ತಿಗೆಯನ್ನು ಬೆನ್ನಿನ ಅರ್ಧಕ್ಕೆ ಇಳಿಸಿ ಹೊಲಿಸುವ ರವಿಕೆಗಳನ್ನು ಬಾಣಂತಿಯಾದ ಮೇಲೆ ಹಾಕಿ ನೋಡಿ, ಯಾರಿಗಾಗಿ ಹೊಲಿಸಿಕೊಂಡೆವು ಅನ್ನಿಸುತ್ತದೆ. ಮದುವೆಯಾದ ಹೊಸತರಲ್ಲಿ ರವಿಕೆ ಹೊಲಿಸುವವರಿಗೆ ನನ್ನದೊಂದು ಕಿವಿಮಾತು. ಒಂದೆರಡಾದರೂ ಮುಂದೆ ಹುಕ್ಕು ಇರುವ ಪ್ಲೇನ್ ಕಟ್ ರವಿಕೆ ಇರಲಿ, ಪಕ್ಕದಲ್ಲಿ ಬಟ್ಟೆ ಧಾರಾಳ ಬಿಡಿಸಿ. ಎದೆಗೆ ಬಟ್ಟಲಿನಾಕಾರದ ತುಂಡು ಕೊಟ್ಟು ಹೊಲಿಯುವ ಕಟೋರಿ ರವಿಕೆ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಎದೆಯ ಅಳತೆ ಬದಲಾದರೆ ಅದನ್ನು ಸರಿ ಮಾಡುವುದು ಕಷ್ಟ.

ಹಾಗಂತ ಸೀರೆಯೇ ಎಲ್ಲಕ್ಕೂ ಮದ್ದು ಅಂತ ನಾನು ಹೇಳುವುದಿಲ್ಲ. ನಾನು ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವಳು. ಬೆಳಗಿನ ರೈಲಿನಲ್ಲಿ ನಮ್ಮ ಊರಲ್ಲಿ ಹತ್ತಿದವರಿಗೆ ಸೀಟು ಸಿಗಬಹುದು, ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಯಶವಂತಪುರದಲ್ಲಿ ಇಳಿಯುವಾಗ ನೆರಿಗೆ ಯಾರದೋ ಬ್ಯಾಗಿಗೆ, ಸೆರಗು ಇನ್ಯಾರದೋ ಟಿಫಿನ್ ಕ್ಯಾರಿಯರ್‌ಗೆ. ಆರು ತಿಂಗಳ ಹೊಟ್ಟೆ ಇಟ್ಟುಕೊಂಡು ಮೆಟ್ಟಿಲು ಇಳಿಯುವಾಗ ನೆರಿಗೆ ಕಾಲಿಗೆ ಸಿಕ್ಕಿದರೆ ಏನು ಗತಿ? ಹೊಟ್ಟೆ ಮುಂದೆ ಬಂದಾಗ ಪಾದವೇ ಕಾಣುವುದಿಲ್ಲ, ಇನ್ನು ನೆರಿಗೆ ಎಲ್ಲಿಂದ ಕಾಣಬೇಕು. ಮನೆಯಲ್ಲಿ, ದೇವಸ್ಥಾನಕ್ಕೆ, ಸಂಬಂಧಿಕರ ಮನೆಗೆ ಸೀರೆ ಸರಿ. ರೈಲಿಗೆ ಮೊಣಕಾಲಿನ ಕೆಳಗೆ ಬರುವ ಟಾಪು, ಕೆಳಗೆ ಸಡಿಲ ಪ್ಯಾಂಟು ಸಾಕು.

ಪ್ಯಾಂಟಿಗೆ ಇನ್ನೊಂದು ಉಪಾಯ ಇದೆ. ಹಳೆಯ ಪ್ಯಾಂಟಿನ ಮುಂದಿನ ಸೊಂಟಪಟ್ಟಿಯನ್ನು ಅರ್ಧಚಂದ್ರದಂತೆ ಕತ್ತರಿಸಿ, ಅಲ್ಲಿಗೆ ಬನಿಯನ್ ಬಟ್ಟೆಯ ಅಗಲ ಪಟ್ಟಿ ಹೊಲಿಸುವುದು. ಬನಿಯನ್ ಬಟ್ಟೆ ಎಳೆದಷ್ಟು ಬರುತ್ತದೆ, ಹೊಟ್ಟೆಯ ಮೇಲೆ ಗೆರೆ ಬೀಳುವುದಿಲ್ಲ. ನಮ್ಮೆಜಮಾನರ ಎರಡು ಹಳೆಯ ಟೀ ಶರ್ಟು ಈ ದಾರಿಯಲ್ಲಿ ಖರ್ಚಾದವು. ಜೀನ್ಸ್ ಹಾಕುವವರು ಮೊದಲ ನಾಲ್ಕೈದು ತಿಂಗಳು ಗುಂಡಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಕಾಜದಲ್ಲಿ ತೂರಿಸಿ ಮತ್ತೆ ಗುಂಡಿಗೇ ಹಾಕಿದರೆ ಕಾಲ ಕಳೆಯುತ್ತದೆ. ಮೇಲೆ ಟಾಪು ಉದ್ದ ಇರಬೇಕು ಅಷ್ಟೇ. ಟಾಪಿನ ಪಕ್ಕದ ಓಪನ್ ಸೊಂಟದವರೆಗೂ ಬಂದಿದ್ದರೆ ಸ್ವಲ್ಪ ಕೆಳಗಿನವರೆಗೆ ಹೊಲಿಸಿಬಿಡಿ, ಬಗ್ಗಿದಾಗ ಹಾರುವುದಿಲ್ಲ. ಹಾಗೇ ಒಂದು ಜೇಬು ಇಡಿಸಿ. ಸೀಸನ್ ಪಾಸು, ಮೊಬೈಲು, ಹುಣಸೆಹಣ್ಣಿನ ಚಾಕಲೇಟು ಎಲ್ಲ ಅದರಲ್ಲೇ.

ಬಟ್ಟೆ ಯಾವುದಿರಬೇಕು ಅನ್ನುವುದರಲ್ಲಿ ನನ್ನದು ಹಟ. ಕಾಟನ್. ಬಸಿರಿನಲ್ಲಿ ಮೈಯಲ್ಲಿ ರಕ್ತ ಹೆಚ್ಚುತ್ತದೆ, ಎಲ್ಲರಿಗಿಂತ ನಮಗೆ ಸೆಕೆ ಜಾಸ್ತಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತುಮಕೂರಿನ ಬಿಸಿಲಿಗೆ ಪಾಲಿಯೆಸ್ಟರ್ ನೈಟಿ ಹಾಕಿಕೊಂಡು ಮಲಗಿದರೆ ಮೈಯೆಲ್ಲ ಬೆವರುಸಾಲೆ. ರೇಯಾನ್ ಮುಟ್ಟಲು ಮೆತ್ತಗಿರುತ್ತದೆ, ಬೆಲೆಯೂ ಕಡಿಮೆ, ಆದರೆ ಒದ್ದೆಯಾದರೆ ಭಾರ, ದಿನಾ ಒಗೆದರೆ ಬೇಗ ಜಾಳಾಗುತ್ತದೆ. ಬಾಣಂತಿಯ ಬಟ್ಟೆಗೆ ದಿನಕ್ಕೆ ಎರಡು ಸಲ ಒಗೆಯುವ ಯೋಗ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಹೊಸ ಕಾಟನ್ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಅದಕ್ಕೆ ಹೊಲಿಸುವ ಮುಂಚೆ ರಾತ್ರಿಯಿಡೀ ನೆನೆಸಿ ಒಣಗಿಸಿ ಕೊಡಬೇಕು. ಮೂರು ಮೀಟರ್ ತೆಗೆದುಕೊಂಡರೆ ಒಂದು ನೈಟಿ ಆರಾಮಾಗಿ ಆಗುತ್ತದೆ. ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲ, ಬಟ್ಟೆ ಅಂಗಡಿಗಳು ಡಿಸ್ಕೌಂಟ್ ಬೋರ್ಡು ಹಾಕಿ ಕಾಯುತ್ತಿರುತ್ತವೆ. ಜರಿ ಸೀರೆ ರಾಶಿಯ ಮುಂದೆ ಜನ ಮುಗಿಬೀಳುವಾಗ ಮೂಲೆಯಲ್ಲಿರುವ ಥಾನು ಬಟ್ಟೆ ಕಡೆ ಹೋಗಿ. ತುಂಡು ಬಟ್ಟೆ, ಕೊನೆಯ ಎರಡೂವರೆ ಮೂರು ಮೀಟರ್ ಉಳಿದದ್ದು, ಅಲ್ಲಿ ನಿಜಕ್ಕೂ ಅಗ್ಗ.

ಈಗ ಗಂಟಿನ ವಿಷಯ. ನಮ್ಮ ಮನೆತನದಲ್ಲಿ ಒಂದು ಬಸುರಿ ಬಟ್ಟೆಯ ಗಂಟು ತಿರುಗುತ್ತಿರುತ್ತದೆ. ಯಾರದು, ಯಾರು ಶುರು ಮಾಡಿದ್ದು ಅಂತ ಈಗ ಯಾರಿಗೂ ನೆನಪಿಲ್ಲ. ನನ್ನ ಹತ್ತಿರ ಬರುವ ಮುಂಚೆ ಅದು ತಿಪಟೂರಿನಲ್ಲಿ ದೊಡ್ಡಮ್ಮನ ಸೊಸೆಯ ಹತ್ತಿರ ಇತ್ತು. ದೊಡ್ಡಮ್ಮನೇ ಬಸ್ಸು ಹತ್ತಿ ತಂದುಕೊಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಇಂಥ ಗಂಟುಗಳ ಓಡಾಟ ಜಾಸ್ತಿಯಾಗಿದೆ ಎಂದು ನನ್ನ ಗುಮಾನಿ. ಮೊದಲು “ಒಂದು ನೈಟಿ ಕೊಡೋಕೆ ಬಸ್ ಚಾರ್ಜ್ ಕೊಟ್ಟು ಯಾರು ಹೋಗ್ತಾರೆ” ಅನ್ನುತ್ತಿದ್ದವರು ಈಗ ನೈಟಿ ಕೊಡುವ ನೆಪದಲ್ಲಿ ಬಂದು ಬಾಣಂತಿ ನೋಡಿ, ಊಟ ಮಾಡಿ, ಸಂಜೆ ಬಸ್ಸಿಗೆ ಹೋಗುತ್ತಾರೆ.

ಗಂಟಿಗೆ ಬರೆಯದ ಕಟ್ಟಳೆಗಳಿವೆ. ಒಗೆದು, ಬಿಸಿಲಲ್ಲಿ ಒಣಗಿಸಿ ಕಳಿಸಬೇಕು. ಹುಕ್ಕು ಕಿತ್ತಿದ್ದರೆ ಹಾಕಿ ಕಳಿಸಬೇಕು. ತೆಗೆದುಕೊಂಡವರು ತಮ್ಮದೊಂದು ಸೇರಿಸಬೇಕು, ತೀರ ಹರಿದದ್ದನ್ನು ತೆಗೆದು ಮಗುವಿನ ಬಟ್ಟೆಗೆ ಹಾಕಬೇಕು. ಹಾಗಾಗಿ ಗಂಟು ಎಂದೂ ದೊಡ್ಡದಾಗುವುದಿಲ್ಲ, ಸಣ್ಣದೂ ಆಗುವುದಿಲ್ಲ. ಒಳಬಟ್ಟೆ ಅದರಲ್ಲಿ ಇರುವುದಿಲ್ಲ. ನೈಟಿ, ಸಡಿಲ ಟಾಪು, ಒಂದೆರಡು ಕಾಟನ್ ಸೀರೆ, ಸ್ವೆಟರ್, ತಲೆಗೆ ಕಟ್ಟುವ ಸ್ಕಾರ್ಫು ಇಷ್ಟೇ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಯಾರ ಬಟ್ಟೆ ಹಾಕಬಹುದು, ಯಾರದು ಹಾಕಬಾರದು ಅಂತ ಕೆಲವು ಹಿರಿಯರು ಲೆಕ್ಕ ಹಾಕುತ್ತಾರೆ. ಸುಸೂತ್ರ ಹೆರಿಗೆ ಆದವಳದು ಆಗಬಹುದು, ಗಂಡು ಹೆತ್ತವಳದು ಇನ್ನೂ ಒಳ್ಳೆಯದು, ಮಗು ಉಳಿಯದವಳದು ಬೇಡ. ನಮ್ಮ ಸಂಬಂಧದಲ್ಲೇ ಒಬ್ಬಳಿಗೆ ಏಳನೇ ತಿಂಗಳಿಗೆ ಹೋಗಿಬಿಟ್ಟಿತ್ತು. ಅವಳು ಹೊಸದಾಗಿ ಹೊಲಿಸಿದ್ದ ಟಾಪುಗಳು ಮಡಿಕೆ ಬಿಚ್ಚದೆ ಬೀರುವಿನಲ್ಲಿದ್ದವು. ಕೊಡಲಾ ಎಂದು ಕೇಳಲು ಅವಳಿಗೆ ಹಿಂಜರಿಕೆ, ನಾನು ಏನಂದುಕೊಳ್ಳುತ್ತೇನೋ ಅಂತ. ನಾನೇ ಹೋಗಿ ಕೇಳಿ ತಂದೆ. ಮನೆಯಲ್ಲಿ ಒಂದು ವಾರ ಗೊಣಗಾಟ ಆಯಿತು. ಅತ್ತೆ ಮೊದಲು ಮುಖ ಗಂಟು ಹಾಕಿದರು, ಆಮೇಲೆ ಅದರಲ್ಲಿ ಒಂದನ್ನು ತಾವೇ ಒಗೆದು ಇಸ್ತ್ರಿ ಮಾಡಿಸಿ ತಂದಿಟ್ಟರು. ಇದನ್ನು ನಾನು ಉಳಿತಾಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಬಟ್ಟೆಗೆ ದೋಷ ಅಂಟಿಸುವ ಮಾತು ಯಾರಾದರೂ ಎತ್ತಿದರೆ ಸುಮ್ಮನೆ ಕೇಳಿಸಿಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ.

ಎಲ್ಲಿ ಕೈ ಬಿಗಿ ಹಿಡಿಯಬಾರದು ಅನ್ನುವುದೂ ಇದೆ. ಮೊದಲನೆಯದು ಬ್ರಾ. ಎದೆಯ ಅಳತೆ ಬದಲಾಗುವುದು ಹೊಟ್ಟೆಗಿಂತ ಮೊದಲೇ. ಶುರುವಿನಲ್ಲಿ ಬೆನ್ನಿನ ಪಟ್ಟಿ ಬಿಗಿಯಾದರೆ ಹುಕ್ಕಿಗೆ ಸೇರಿಸುವ ಚಿಕ್ಕ ಪಟ್ಟಿ ಸಿಗುತ್ತದೆ, ಎಕ್ಸ್‌ಟೆಂಡರ್ ಅಂತ ಕೇಳಿದರೆ ಫ್ಯಾನ್ಸಿ ಸ್ಟೋರಿನವರು ಕೊಡುತ್ತಾರೆ, ಹತ್ತಾರು ರೂಪಾಯಿಯ ವಸ್ತು. ಅದರಿಂದ ಕೆಲವು ತಿಂಗಳು ಹೋಗುತ್ತದೆ. ಆಮೇಲೆ ಸರಿಯಾದ ಅಳತೆಯದನ್ನು ತೆಗೆದುಕೊಳ್ಳಲೇಬೇಕು. ಬಿಗಿಯಾದ ಬ್ರಾ ಹಾಕಿಕೊಂಡು ಹಾಲು ಕುಡಿಸಿದರೆ ಹಾಲು ಕಟ್ಟಿಕೊಂಡು ಎದೆ ಗಡ್ಡೆಯಾಗಿ ಜ್ವರ ಬರುವುದೂ ಉಂಟು. ಆ ಆಸ್ಪತ್ರೆ ಖರ್ಚಿನಲ್ಲಿ ಎಷ್ಟು ಬ್ರಾ ಬರುತ್ತದೆ ಹೇಳಿ. ಫೀಡಿಂಗ್ ಬ್ರಾ ಮಾತ್ರ ಏಳನೇ ತಿಂಗಳಲ್ಲೇ ಆರು ತಂದು ಗುಡ್ಡೆ ಹಾಕಬೇಡಿ. ಹಾಲು ಇಳಿದ ಮೇಲೆ ಅಳತೆ ಮತ್ತೆ ಬದಲಾಗುತ್ತದೆ. ಆಸ್ಪತ್ರೆಗೆ ಎರಡು ಇಟ್ಟುಕೊಂಡು, ಉಳಿದದ್ದನ್ನು ಆಮೇಲೆ ತರಿಸಿ. ಹಾಲು ಸೋರುವುದಕ್ಕೆ ಪ್ಯಾಡು ಕೊಳ್ಳುವುದಕ್ಕಿಂತ ಹಳೆಯ ಕಾಟನ್ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ದುಂಡಗೆ ಹೊಲಿದುಕೊಂಡರೆ ಚೆನ್ನಾಗಿ ಹೀರುತ್ತದೆ, ಒದ್ದೆಯಾದ ತಕ್ಷಣ ಬದಲಾಯಿಸಬೇಕು.

ಎರಡನೆಯದು ಚಪ್ಪಲಿ. ಕಾಲು ಊದಿಕೊಳ್ಳುತ್ತದೆ, ಮೈಯ ತೂಕ ಮುಂದಕ್ಕೆ ವಾಲುತ್ತದೆ. ಸವೆದ ಚಪ್ಪಲಿಯಲ್ಲಿ ರೈಲ್ವೆ ಪ್ಲಾಟ್‌ಫಾರಂ ಮೇಲೆ ಓಡಬಾರದು. ಹಿಂದೆ ಪಟ್ಟಿ ಇರುವ, ವೆಲ್ಕ್ರೊ ಹಾಕಿದ, ಅಡಿ ಜಾರದ ಒಂದು ಜೊತೆ ಚಪ್ಪಲಿಗೆ ದುಡ್ಡು ಕೊಡಿ. ಸೊಂಟಕ್ಕೆ ಬೆಲ್ಟು, ಕಾಲಿಗೆ ಬಿಗಿ ಸಾಕ್ಸು ಇವೆಲ್ಲ ಡಾಕ್ಟರ್ ಹೇಳಿದರೆ ಮಾತ್ರ. ಪಕ್ಕದ ಮನೆಯವರು ಹಾಕಿದ್ದರು ಅಂತ ತರಿಸಬೇಡಿ.

ಹೀಗೆ ಅಲ್ಲಿ ನೂರು, ಇಲ್ಲಿ ಇನ್ನೂರು ಉಳಿಸಿದ್ದೆಲ್ಲ ಹೋಗುವ ದಾರಿ ಒಂದಿದೆ. ಸೀಮಂತ. ಸೀಮಂತ ಅಂದರೆ ನನಗೂ ಇಷ್ಟ. ಹಸಿರು ಸೀರೆ, ಕೈತುಂಬ ಹಸಿರು ಗಾಜಿನ ಬಳೆ, ಮಡಿಲು ತುಂಬಿಸುವುದು, ಮುತ್ತೈದೆಯರ ಹಾಡು, ಚಿತ್ರಾನ್ನ ಮೊಸರನ್ನದ ಊಟ, ಅದನ್ನು ಯಾರು ಬೇಡ ಅಂತಾರೆ. ತವರಿನಿಂದ ಬಂದ ಹಸಿರು ಸೀರೆ ಆಮೇಲೂ ಉಡುವ ಸೀರೆಯೇ. ಈಗ ಅದರ ಜೊತೆಗೆ ಫೋಟೊಶೂಟ್ ಬಂದಿದೆ. ನೆಲಕ್ಕೆ ಎಳೆಯುವ ಉದ್ದದ ಗೌನು, ತಲೆಗೆ ಹೂವಿನ ಕಿರೀಟ. ಬೆಳಗಿನ ಜಾವ ದೇವರಾಯನದುರ್ಗದ ದಾರಿಯಲ್ಲಿ ಹೋಗಿ ನೋಡಿ, ಬೆಟ್ಟದ ತಿರುವಿನಲ್ಲಿ ತುಂಬು ಬಸುರಿ ಗೌನು ಹಿಡಿದು ನಿಂತಿರುತ್ತಾಳೆ, ಗಂಡ ಕೈಯಲ್ಲಿ ಪುಟ್ಟ ಶೂ ಹಿಡಿದಿರುತ್ತಾನೆ, ಫೋಟೊದವನು “ಮೇಡಂ, ಹೊಟ್ಟೆ ನೋಡಿ, ನಗಿ” ಅನ್ನುತ್ತಿರುತ್ತಾನೆ. ಅವರ ಸಂತೋಷ ಅವರದು. ನನ್ನ ತಕರಾರು ಗೌನನ್ನು ಕೊಂಡುಕೊಳ್ಳುವುದಕ್ಕೆ. ಅದು ಒಂದು ಗಂಟೆಯ ಬಟ್ಟೆ. ಬಾಡಿಗೆಗೆ ಸಿಗುತ್ತದೆ, ಬಾಡಿಗೆಗೇ ತನ್ನಿ. ಇಲ್ಲವೇ ಅಮ್ಮನ ಮದುವೆ ಸೀರೆ ಉಟ್ಟು ನಿಲ್ಲಿ. ನನ್ನ ನಾದಿನಿ ಹಾಗೆ ತೆಗೆಸಿದ ಫೋಟೊ ಮನೆಯ ಹಾಲ್‌ನಲ್ಲಿದೆ, ಬಂದವರೆಲ್ಲ ಸೀರೆಯನ್ನೇ ಕೇಳುತ್ತಾರೆ.

ಆಫೀಸಿನ ಕಾಟ ಬೇರೆ ತರದ್ದು. ಮೂರು ಟಾಪನ್ನೇ ತಿರುಗಿಸಿ ತಿರುಗಿಸಿ ಹಾಕಿದರೆ ಜನ ಏನಂದುಕೊಳ್ಳುತ್ತಾರೆ ಅನ್ನುವುದು. ಗಂಡಸರು ಎರಡು ಪ್ಯಾಂಟಿನಲ್ಲಿ ವರ್ಷ ಕಳೆಯುತ್ತಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ, ಅಲ್ವಾ? ನಾನು ವೇಲ್ ಬದಲಾಯಿಸುತ್ತಿದ್ದೆ. ಬಿಳಿ, ಕಪ್ಪು, ಸಾಸಿವೆ ಬಣ್ಣದ ಪ್ಲೇನ್ ಟಾಪುಗಳಿಗೆ ಮನೆಯಲ್ಲಿದ್ದ ಎಲ್ಲ ವೇಲುಗಳೂ ಹೊಂದುತ್ತಿದ್ದವು. ಒಬ್ಬರು ಮೇಡಂ “ದಿನಾ ಹೊಸದು ಹಾಕ್ತೀರಲ್ರೀ” ಅಂದರು. ನಾನು ತಿದ್ದಲು ಹೋಗಲಿಲ್ಲ.

ಇನ್ನು ಹೆರಿಗೆಯ ನಂತರದ್ದು. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗು ಹುಟ್ಟಿದ ಮಾರನೇ ದಿನ ಹೊಟ್ಟೆ ಚಪ್ಪಟೆ ಆಗುವುದಿಲ್ಲ. ಐದಾರು ತಿಂಗಳ ಬಸುರಿಯಷ್ಟು ಹೊಟ್ಟೆ ಇದ್ದೇ ಇರುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು, ಮೈ ಇಳಿಯಲು ಇನ್ನೂ ಜಾಸ್ತಿ. ಆಸ್ಪತ್ರೆಯಿಂದ ಮನೆಗೆ ಹೋಗುವ ದಿನಕ್ಕೆ ಅಂತ ಹಳೆಯ ಅಳತೆಯ ಚೂಡಿದಾರ್ ಇಟ್ಟುಕೊಂಡು ಹೋದವರು ಅದನ್ನು ಹಾಗೇ ವಾಪಸ್ ತರುತ್ತಾರೆ. ಸಿಸೇರಿಯನ್ ಆದರೆ ಇನ್ನೊಂದು ತೊಂದರೆ. ಹೊಟ್ಟೆಯ ಕೆಳಗೆ ಎಲಾಸ್ಟಿಕ್ ಕೂರುವ ಪ್ಯಾಂಟನ್ನು ಬಸಿರಿನಲ್ಲಿ ಎಷ್ಟು ಖುಷಿಯಿಂದ ಹಾಕಿದ್ದೆವೋ, ಅದರ ಎಲಾಸ್ಟಿಕ್ ಸರಿಯಾಗಿ ಹೊಲಿಗೆಯ ಜಾಗದ ಮೇಲೇ ಕೂರುತ್ತದೆ. ಲಂಗದ ಲಾಡಿಯನ್ನೂ ಮೇಲಕ್ಕೆ ಕಟ್ಟಬೇಕಾಗುತ್ತದೆ. ಆಗ ನೈಟಿಯೇ ಗತಿ. ನೈಟಿ ಬಗ್ಗೆ ಬೀದಿಯಲ್ಲಿ ನಗುವವರು ಇದ್ದಾರೆ. ನಗಲಿ. ಮುಂದೆ ಜಿಪ್ಪು, ಸೊಂಟಕ್ಕೆ ಏನೂ ಇಲ್ಲ, ಹತ್ತು ನಿಮಿಷಕ್ಕೆ ಒಗೆದು ಹಾಕಬಹುದು, ಎಂ.ಜಿ. ರಸ್ತೆಯಲ್ಲಿ ಮುನ್ನೂರು ರೂಪಾಯಿ. ಫೀಡಿಂಗ್ ನೈಟಿ ಅಂತ ಬೇರೆ ಹೆಸರಿನಲ್ಲಿ ಡಬಲ್ ಬೆಲೆಗೆ ಬರುವುದನ್ನು ಪಕ್ಕಕ್ಕಿಡಿ. ಮಾಮೂಲಿ ನೈಟಿಯಲ್ಲೇ ಜಿಪ್ ಎಷ್ಟು ಉದ್ದ ಇದೆ ನೋಡಿಕೊಳ್ಳಿ. ಕೆಲವದರಲ್ಲಿ ನಾಲ್ಕು ಇಂಚು ಇರುತ್ತದೆ, ಅದು ಅಂದಕ್ಕೆ. ಎಂಟು, ಒಂಬತ್ತು ಇಂಚು ಇದ್ದರೆ ಕೆಲಸಕ್ಕೆ ಬರುತ್ತದೆ. ಬಣ್ಣ ಗಾಢವಾಗಿರಲಿ, ಕಲೆ ಕಾಣುವುದಿಲ್ಲ.

ಗಂಡನ ಹಳೆಯ ಶರ್ಟೂ ಒಳ್ಳೆಯ ಫೀಡಿಂಗ್ ಬಟ್ಟೆ. ಒಗೆದು ಒಗೆದು ಮೆತ್ತಗಾಗಿರುತ್ತದೆ, ಮುಂದೆ ಪೂರ್ತಿ ಗುಂಡಿ. ಬಾಣಂತಿ ಕೋಣೆಯಲ್ಲಿ ನಾನು ಚೆಕ್ಸ್ ಶರ್ಟು, ಲಂಗ ಹಾಕಿಕೊಂಡು ಕೂತಿದ್ದಾಗ ನೋಡಲು ಬಂದ ಚಿಕ್ಕತ್ತೆ ಬಾಗಿಲಲ್ಲೇ ನಿಂತು, “ಏನೇ ಇದು, ಗದ್ದೆ ಕೆಲಸಕ್ಕೆ ಹೊರಟಂಗಿದ್ದೀಯ” ಅಂದರು. ಅಮ್ಮ ಒಳಗಿನಿಂದಲೇ, “ಇಪ್ಪತ್ನಾಲ್ಕು ಗಂಟೆನೂ ಕೂಲಿ ಕಣೇ, ಇನ್ನೇನು” ಅಂದಳು.

ಮಗುವಿನ ಬಟ್ಟೆಗೆ ನಮ್ಮಲ್ಲಿ ಹುಟ್ಟುವ ಮುಂಚೆ ಕೊಳ್ಳಬಾರದು ಅನ್ನುತ್ತಾರೆ. ನಂಬಿಕೆ ಏನೇ ಇರಲಿ, ಜೇಬಿಗೆ ಒಳ್ಳೆಯದೇ. ಹುಟ್ಟಿದ ಮಗುವಿಗೆ ಮೊದಲು ಬೇಕಾಗುವುದು ಹಳೆಯ ಮೆತ್ತನೆಯ ಕಾಟನ್. ಅಜ್ಜಿಯ ಸೀರೆ, ತಾತನ ಪಂಚೆ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ ಚೌಕ ಚೌಕ ಹರಿದಿಟ್ಟರೆ ಸುತ್ತಲು, ಒರೆಸಲು, ಲಂಗೋಟಿ ಕಟ್ಟಲು ಎಲ್ಲಕ್ಕೂ ಆಗುತ್ತದೆ. ಹೊಸ ಫ್ರಾಕಿನ ಲೇಸು ಅದಕ್ಕೆ ಚುಚ್ಚುತ್ತದೆ, ಮೂರು ವಾರಕ್ಕೆ ಅಳತೆಯೂ ಮೀರುತ್ತದೆ. ಹೇಗೂ ನಾಮಕರಣಕ್ಕೆ ಬರುವ ಉಡುಗೊರೆಯಲ್ಲಿ ವರ್ಷಕ್ಕಾಗುವಷ್ಟು ಫ್ರಾಕು ಇರುತ್ತದೆ.

ಟೈಲರ್ ಅಕ್ಕನ ಜಿಪ್ಪು ನಿಜವಾಗಿ ದುಡ್ಡು ದುಡಿದದ್ದು ನಾನು ರಜೆ ಮುಗಿಸಿ ಆಫೀಸಿಗೆ ಹೋದ ಮೇಲೆ. ಹೊಟ್ಟೆ ಇಳಿದಿತ್ತು, ಹಾಲು ಇತ್ತು. ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಹಾಲು ಹಿಂಡಿ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಇಡಬೇಕಿತ್ತು. ಪೂರ್ತಿ ಟಾಪು ಎತ್ತಿಕೊಂಡು ಕೂರುವ ಜಾಗ ಅದಲ್ಲ, ಬಾಗಿಲಿಗೆ ಚಿಲಕವೂ ಸರಿ ಇರಲಿಲ್ಲ. ಜಿಪ್ ಇದ್ದುದರಿಂದ ಮೇಲೆ ವೇಲ್ ಹೊದ್ದು ಕೂತರೆ ಯಾರು ಬಂದರೂ ಗಾಬರಿ ಇರಲಿಲ್ಲ. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅಂತ ಆ 2017ರ ತಿದ್ದುಪಡಿಯಲ್ಲೇ ಇದೆ. ಅದು ಎಲ್ಲಿ ಎಷ್ಟಿದೆ ಅಂತ ಕೆಲಸಕ್ಕೆ ಹೋಗುವ ತಾಯಂದಿರಿಗೆ ಗೊತ್ತು. ಟಾಪುಗಳ ಪಕ್ಕವನ್ನು ಅಕ್ಕ ಮತ್ತೆ ಒಳಗೆ ಹಿಡಿದು ಕೊಟ್ಟರು. ಹಳೆಯ ಹೊಲಿಗೆಯ ಗೆರೆ ಹಾಗೇ ಇದ್ದುದರಿಂದ ಅದರ ಮೇಲೇ ಮಿಷನ್ ಓಡಿಸಿದರು. ಮಗಳು ಹಾಲು ಬಿಟ್ಟ ಮೇಲೂ ಜಿಪ್ಪು ತೆಗೆಸಲಿಲ್ಲ, ಲೇಸಿನ ಕೆಳಗೆ ಇರುವುದು ಯಾರಿಗೂ ಗೊತ್ತಾಗುವುದಿಲ್ಲ. ಅಂದಹಾಗೆ ಜಿಪ್ ಸಿಕ್ಕಿಕೊಂಡರೆ ಎಳೆದು ಕೀಳಬೇಡಿ, ಮೇಣದಬತ್ತಿಯನ್ನೋ ಒಣ ಸೋಪನ್ನೋ ಹಲ್ಲುಗಳ ಮೇಲೆ ಉಜ್ಜಿದರೆ ಸರಾಗ ಓಡುತ್ತದೆ.

ಗಂಟು ಈಗ ಶಿರಾದಲ್ಲಿದೆ. ಕಳಿಸುವಾಗ ಎರಡು ನೈಟಿ, ಬನಿಯನ್ ಪಟ್ಟಿಯ ಒಂದು ಪ್ಯಾಂಟು ಸೇರಿಸಿದೆ. ತಿಪಟೂರಿನಿಂದ ಬಂದಿದ್ದ ಸ್ವೆಟರಿಗೆ ಗುಂಡಿ ಇರಲಿಲ್ಲ, ಹಾಕಿ ಕಳಿಸಿದೆ. ಮುಂದಿನ ತಿಂಗಳು ಮಧುಗಿರಿಯಲ್ಲಿ ಒಬ್ಬಳಿಗೆ ಬೇಕಂತೆ, ಶಿರಾದವಳಿಗೆ ಈಗಿನ್ನೂ ಏಳನೇ ತಿಂಗಳು. ಇಬ್ಬರಿಗೂ ಒಂದೇ ಸಲ ಬಂದರೆ ಹೇಗೆ ಹಂಚುವುದು ಅಂತ ದೊಡ್ಡಮ್ಮ ಫೋನಿನಲ್ಲಿ ತಲೆ ಕೆಡಿಸಿಕೊಂಡಿದ್ದಾರೆ.